ಒಂದನೆಯ ನಂಬರಿನ ಗಜಾನನ ಸತತ ಗೈರುಹಾಜರು

ಮಡ್ಕಯಿ, ಫೋಂಡಾ ತಾಲೂಕು, ಗೋವಾ
ಜುಲೈ ೨೦೧೧

ಇವರಿಗೆ,
ಆನ್‌ಲೈನ್ ಅಂಕಪುಸ್ತಕ ಮಹಾಶಯರು,
ವಾಸಸ್ಥಳ ತಿಳಿಯದು.

ಮಾನ್ಯರೇ,

ತಮ್ಮ ಪಾದಗಳಿಗೆ, ಅವು ಇದ್ದಲ್ಲಿ, ನನ್ನ ನಮಸ್ಕಾರಗಳು. ಇಲ್ಲಿ ದೇವರ ದಯದಿಂದ ನಾವೆಲ್ಲರೂ ಕ್ಷೇಮ. ತಾವೂ ತಮ್ಮ ವಾಯರು, ಸರ್ವರು, ಸಮಸ್ತ ಪರಿವಾರ ಸಮೇತ ಸುಖವಾಗಿದ್ದೀರೆಂದು ನಂಬಿದ್ದೇನೆ. ನಿನ್ನೆ ಮಧ್ಯಾಹ್ನ ಬಹಳ ಹೊತ್ತು ಒಂದು ಬೆಳ್ಳನೆಯ ಚಕ್ರ ಮಾತ್ರ ತಿರುಗುತ್ತ, ತಾವು ಹೊರಗೆ ದರ್ಶನ ಕೊಡದೆ ಇದ್ದದ್ದರಿಂದ ತಮ್ಮ ಮೈಗೆ ಹುಷಾರಿಲ್ಲವೇನೋ ಎಂದು ನನಗೆ ಚಿಂತೆಯಾಗಿತ್ತು. ನಮ್ಮ ಆಫೀಸಿನ ಗುಮಾಸ್ತರಾದ ಬಾಳಕೃಷ್ಣ ಅವರು ‘ಏನಿಲ್ರಿ ಅಕ್ಕೋರ, ಅದು ಯೋಚನಿ ಮಾಡಾಕತ್ತೇತಿ’ ಎಂದು ಹೇಳಿದ ಮೇಲೆ ಸಮಾಧಾನವಾಯಿತು. ಯೋಚನೆ ಮಾಡಿ ಮಾತಾಡುವವರು ಈ ಕಾಲದಲ್ಲಿ ಎಷ್ಟು ಜನ ಸಿಗುತ್ತಾರೆ?

ಈ ಪತ್ರವನ್ನು ಊರೆಲ್ಲ ಓದುವಂತೆ ಬರೆಯುವ ಇಚ್ಛೆ ನನಗಿರಲಿಲ್ಲ. ತಮ್ಮ ಪುಟದ ಕೆಳಗಡೆ ‘ನಮ್ಮನ್ನು ಸಂಪರ್ಕಿಸಿ’ ಎಂಬ ಕಿಂಡಿಯೊಂದಿದೆಯಲ್ಲ, ಅದರಲ್ಲೇ ನನ್ನ ತಕರಾರು ಬರೆಯಲು ಕುಳಿತೆ. ತಮ್ಮ ಕ್ಷೇಮ ವಿಚಾರಿಸಿ ಮುಗಿಸುವಷ್ಟರಲ್ಲಿ ಕಿಂಡಿ ತುಂಬಿಹೋಯಿತು. ಅಷ್ಟನ್ನೇ ಕಳಿಸಿದೆ. ಕೂಡಲೇ ಉತ್ತರ ಬಂತು. ನನ್ನ ಅಭಿಪ್ರಾಯ ತಮಗೆ ಅತ್ಯಮೂಲ್ಯವೆಂದೂ, ಈ ಪತ್ರಕ್ಕೆ ದಯವಿಟ್ಟು ಉತ್ತರಿಸಬಾರದೆಂದೂ ಅದರಲ್ಲಿ ಇತ್ತು. ಹೊಸ್ತಿಲಿಗೆ ಬಂದವರ ಕೈಗೆ ನೀರು ಕೊಟ್ಟು, ಅವರು ಕುಡಿಯುವುದರೊಳಗೆ ಬಾಗಿಲು ಹಾಕಿಕೊಳ್ಳುವ ಇಂಥ ಮರ್ಯಾದೆ ನಮ್ಮ ಕಡೆ ಇನ್ನೂ ರೂಢಿಯಾಗಿಲ್ಲ. ಆದಕಾರಣ ಬೀದಿಯಲ್ಲಿ ನಿಂತೇ ಹೇಳಿಕೊಳ್ಳುತ್ತಿದ್ದೇನೆ.

ನಾನು ಹೂಲಿಕಟ್ಟಿಯ ಸಾಲೆಯಲ್ಲಿ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿ, ಹೇಗೋ ಮೆಟ್ರಿಕ್ ದಾಟಿ, ಶಿಕ್ಷಕಿಯರ ತರಬೇತಿ ಮುಗಿಸಿ, ಮದುವೆಯಾಗಿ ಯಜಮಾನರ ಹಿಂದೆ ಘಾಟು ಇಳಿದು ಮೊಲೆಂ ಗಡಿ ದಾಟಿ ಈ ಕಡೆ ಬಂದವಳು. ಇಲ್ಲಿಯ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಜನರ ಮಕ್ಕಳಿಗಾಗಿ ಒಂದು ಕನ್ನಡ ಪ್ರಾಥಮಿಕ ಶಾಲೆ ಇದೆ. ಅದರಲ್ಲಿ ನಾಲ್ಕನೆಯ ತರಗತಿ ನನ್ನದು. ವರ್ಷಾ ವರ್ಷಾ ಹೊಸ ಅಂಕಪುಸ್ತಕ ಬಂದಾಗ ನಾನು ಮೊದಲು ಅದರ ಮೂಲೆಗೆ ಅರಿಶಿನ ಕುಂಕುಮ ಹಚ್ಚುತ್ತೇನೆ, ಮೊದಲ ಸಾಲಿನಲ್ಲಿ ‘ಶ್ರೀ ಗಜಾನನ ಪ್ರಸನ್ನ’ ಎಂದು ಬರೆಯುತ್ತೇನೆ, ಎರಡನೆಯ ಸಾಲಿನಿಂದ ಮಕ್ಕಳ ಹೆಸರು ಶುರು ಮಾಡುತ್ತೇನೆ. ಅಪ್ಪಾಸಾಬನ ಹೆಸರಿನಿಂದ ಹಿಡಿದು ಮುಮ್ತಾಜಳ ಹೆಸರಿನ ತನಕ ಎಲ್ಲ ಮಕ್ಕಳೂ ಆ ಒಂದು ಸಾಲಿನ ನೆರಳಿನಲ್ಲೇ ಪಾಸಾಗಿದ್ದಾರೆ. ಈ ತನಕ ಯಾವ ಪುಸ್ತಕವೂ ಅದಕ್ಕೆ ತಕರಾರು ಮಾಡಿರಲಿಲ್ಲ.

ಸಂಕ್ರಾಂತಿ ಮುಗಿದ ವಾರ ತಾವು ಬಂದಿರಿ. ತಮ್ಮನ್ನು ಕರೆತಂದ ಕಂಪನಿಯ ಸದ್ಗೃಹಸ್ಥರು ಹಿಂದಿಯಲ್ಲಿ ತಮ್ಮ ಗುಣಗಾನ ಮಾಡಿ, ಇನ್ನು ಮುಂದೆ ಹಾಜರಿ, ಅಂಕ, ನಡತೆ ಎಲ್ಲವೂ ತಮ್ಮ ಹೊಟ್ಟೆಯೊಳಗೇ ಇರುವುದೆಂದೂ, ಕಾಗದದ ಪುಸ್ತಕಗಳನ್ನು ರದ್ದಿಗೆ ಹಾಕಬಹುದೆಂದೂ ಹೇಳಿ, ಚಹಾ ಕುಡಿದು ಹೋದರು. ನಾನು ಪದ್ಧತಿಯಂತೆ ತಮ್ಮ ಹಣೆಗೆ, ಅಂದರೆ ಪರದೆಯ ಮೇಲ್ಭಾಗಕ್ಕೆ, ಕುಂಕುಮ ಹಚ್ಚಿದೆ. ಬಾಳಕೃಷ್ಣ ಅದನ್ನು ಒರೆಸಿದ್ದು ತಮ್ಮ ಮನಸ್ಸಿಗೆ ನೋವಾಗಿದ್ದರೆ ಆ ಪಾಪ ಅವರದು. ಆಮೇಲೆ, ತಮಗೆ ಕನ್ನಡ ಬಾರದೆಂದು ತಿಳಿದು, ಇಂಗ್ಲಿಷ್ ಅಕ್ಷರ ಒಂದೊಂದೇ ಹುಡುಕಿ ಒತ್ತಿ, ಮೊದಲ ಸಾಲಿನಲ್ಲಿ ಶ್ರೀ ಗಜಾನನ ಪ್ರಸನ್ನ ಎಂದು ಬರೆದೆ.

ಹಳೆಯ ಪುಸ್ತಕಗಳು ಇದನ್ನು ಸುಮ್ಮನೆ ಇಟ್ಟುಕೊಳ್ಳುತ್ತಿದ್ದವು. ತಾವು ಹಾಗಲ್ಲ. ಗಜಾನನ ಎಂಬುದು ಹೆಸರು, ಪ್ರಸನ್ನ ಎಂಬುದು ಅಡ್ಡಹೆಸರು ಎಂದು ತಾವೇ ಬೇರೆ ಮಾಡಿಕೊಂಡು, ಒಂದೊಂದೇ ಕೆಂಪು ಚುಕ್ಕಿ ತೋರಿಸುತ್ತ ಅವನ ತಂದೆ ಯಾರು, ತಾಯಿ ಯಾರು, ಹುಟ್ಟಿದ್ದು ಎಂದು, ಇರುವುದು ಎಲ್ಲಿ ಎಂದು ಕೇಳತೊಡಗಿದಿರಿ. ಖರೇ ಹೇಳುತ್ತೇನೆ, ನನಗೆ ಕಣ್ಣು ತುಂಬಿ ಬಂತು. ದೇವರ ವಿಷಯ ಇಷ್ಟು ಆಸ್ಥೆಯಿಂದ ಕೇಳಿದ ಯಂತ್ರವನ್ನು ನಾನು ಕಂಡಿರಲಿಲ್ಲ. ತಂದೆ ಮಹಾದೇವ, ತಾಯಿ ಪಾರ್ವತಿ ಎಂದು ತುಂಬಿದೆ. ಜನ್ಮದಿನಕ್ಕೆ ಭಾದ್ರಪದ ಶುದ್ಧ ಚೌತಿ ಒಗ್ಗಲಿಲ್ಲ. ಇಂಗ್ಲಿಷ್ ತಾರೀಕೇ ಬೇಕೆಂದಿರಿ, ಅದೂ ತೀರ ಈಚೆಯ ಇಸವಿಗಳಲ್ಲೇ ಹುಟ್ಟಿರಬೇಕೆಂದಿರಿ. ಅದನ್ನೂ ಕ್ಯಾಲೆಂಡರ್ ನೋಡಿ ಹೊಂದಿಸಿದೆ. ತಾಲೂಕುಗಳ ಪಟ್ಟಿಯಲ್ಲಿ ಸಾಂಗೆ ಇತ್ತು, ಫೋಂಡಾ ಇತ್ತು, ಕೈಲಾಸ ಇರಲಿಲ್ಲ, ಆದ್ದರಿಂದ ಫೋಂಡಾ ಒತ್ತಿದೆ. ಕೊನೆಗೆ ತಂದೆಯ ಮೊಬೈಲ್ ನಂಬರು ಕೇಳಿದಿರಿ. ಕಾರ್ಖಾನೆಗಳ ಹಿಂದೆ ನಮ್ಮ ಜನ ಕಟ್ಟಿದ ಮಹಾದೇವನ ಗುಡಿಯ ಗೋಡೆಗೆ ‘ಅಭಿಷೇಕಕ್ಕೆ ಸಂಪರ್ಕಿಸಿ’ ಎಂದು ಬರೆದ ನಂಬರೊಂದು ನನಗೆ ಬಾಯಿಪಾಠವಿತ್ತು. ತಂದೆಯ ನಂಬರೆಂದು ಅದಕ್ಕಿಂತ ಸರಿಯಾದದ್ದು ನನಗೆ ತೋಚಲಿಲ್ಲ.

ಅಲ್ಲಿಂದ ಮುಂದೆ ಮಕ್ಕಳ ಹೆಸರು ಒಂದೊಂದಾಗಿ ಇಳಿಸುತ್ತ ಬಂದೆ. ಎಲ್ಲರ ಕೊನೆಗೆ ಹುಲಿಗೆಮ್ಮ. ಅಕ್ಷರಮಾಲೆಯಲ್ಲಿ ಅವಳ ಅಕ್ಷರವೇ ಹಿಂದೆ, ಅದಕ್ಕೆ ಅವಳೇನು ಮಾಡಿಯಾಳು? ಅವಳ ಹೆಸರು ಒತ್ತಲು ಹೋದರೆ ತಾವು ತರಗತಿ ತುಂಬಿದೆ ಎಂದಿರಿ. ನಮ್ಮ ಆಫೀಸಿನಿಂದ ಮೂವತ್ತು ಮಕ್ಕಳೆಂದು ಬರೆದು ಕೊಟ್ಟಿದ್ದರು, ತಾವು ಮೂವತ್ತೇ ಖಾನೆ ಮಾಡಿಕೊಟ್ಟಿದ್ದಿರಿ, ಅದರಲ್ಲಿ ಒಂದರ ಮೇಲೆ ಗಜಾನನ ಕುಳಿತಿದ್ದ. ತಾವು ಅವನನ್ನು ವಿದ್ಯಾರ್ಥಿಯೆಂದು ಸೇರಿಸಿಕೊಂಡದ್ದು ನನಗೆ ತಿಳಿದದ್ದೇ ಆಗ. ಬಾಳಕೃಷ್ಣ ತಲೆ ಕೆರೆದುಕೊಂಡು, ‘ಇರಲಿ ಬಿಡ್ರಿ ಅಕ್ಕೋರ, ಕಂಪನಿಗೆ ಬರದು ಒಂದು ಖಾನಿ ಹೆಚ್ಚಿಗಿ ತರಸೂಣು. ಅಲ್ಲೀತನಾ ಹುಲಿಗೆಮ್ಮನ ಅಂಕ ಕಾಗದದ ಮ್ಯಾಲೆ ಇರಲಿ’ ಎಂದರು. ಬರೆದರು. ಅವರ ಅಭಿಪ್ರಾಯವೂ ತಮಗೆ ಅತ್ಯಮೂಲ್ಯವಾಯಿತು.

ಅಂದಿನಿಂದ ಪ್ರತಿದಿನ ಮುಂಜಾನೆ ತಮ್ಮ ಪಟ್ಟಿಯ ಕ್ರಮದಲ್ಲೇ ನಾನು ಹಾಜರಿ ಕರೆಯಬೇಕಾಯಿತು. ಒಂದನೆಯ ನಂಬರು ಗಜಾನನ ಎಂದು ಮೊದಲ ದಿನ ಕರೆದಾಗ ಮಕ್ಕಳು ಬಾಗಿಲ ಕಡೆ ತಿರುಗಿ ನೋಡಿದರು. ಎರಡನೆಯ ಬೆಂಚಿನಿಂದ ಮುಮ್ತಾಜ ಎದ್ದು ನಿಂತು, ‘ಊರಿಗೆ ಹೋಗ್ಯಾನ್ರಿ ಅಕ್ಕೋರ, ಚೌತಿಗೆ ಬರ್ತಾನ’ ಎಂದು ಹೇಳಿ ಕುಳಿತಳು. ಅದನ್ನು ಬರೆಯಲು ತಮ್ಮಲ್ಲಿ ಜಾಗವಿರಲಿಲ್ಲ. ಹಾಜರು ಇಲ್ಲವೆ ಗೈರು, ಎರಡೇ. ಸುಳ್ಳು ಬರೆಯಲು ಮನಸ್ಸಾಗದೆ ಗೈರು ಒತ್ತಿದೆ. ಇತ್ತ ಹುಲಿಗೆಮ್ಮ ದಿನಾ ಮೊದಲು ಬಂದು, ಕರಿಹಲಗೆಯ ಫಳಿ ಒರೆಸಿ, ಬರೆಯುವ ಖಡು ಹುಡುಕಿ ಇಟ್ಟು, ಮುಂದಿನ ಬೆಂಚಿನಲ್ಲಿ ಕುಳಿತಿರುತ್ತಿದ್ದಳು. ತಮ್ಮ ಲೆಕ್ಕದಲ್ಲಿ ಅವಳು ಹುಟ್ಟಿಯೇ ಇರಲಿಲ್ಲ.

ಏಪ್ರಿಲ್ ಕೊನೆಗೆ ತಾವು ಫಲಿತಾಂಶ ಕೊಟ್ಟಿರಿ. ಆಹಾ, ತಮ್ಮ ನಿಷ್ಪಕ್ಷಪಾತವನ್ನು ಎಷ್ಟು ಕೊಂಡಾಡಿದರೂ ಕಡಿಮೆಯೇ. ಜಗತ್ತೇ ಯಾರನ್ನು ನೆನೆದು ಪಾಟಿ ಹಿಡಿಯುತ್ತದೆಯೋ ಅವನಿಗೆ ತಾವು ಗಣಿತದಲ್ಲಿ ಸೊನ್ನೆ, ಭಾಷೆಯಲ್ಲಿ ಸೊನ್ನೆ, ಶುಚಿತ್ವದಲ್ಲೂ ಸೊನ್ನೆ ಕೊಟ್ಟು, ‘ಇನ್ನೂ ಸುಧಾರಿಸಬೇಕು, ಪಾಲಕರು ಬಂದು ಭೇಟಿಯಾಗಲಿ’ ಎಂದು ಷರಾ ಬರೆದಿರಿ. ನಮ್ಮ ಮುಖ್ಯಾಧ್ಯಾಪಕಿ ಮಂದಾಕಿನಿಬಾಯಿಯವರು ಧಾರವಾಡದವರು, ಶಿಸ್ತಿನವರು. ತರಗತಿಯ ಸರಾಸರಿ ಯಾಕೆ ಕುಸಿಯಿತೆಂದು ನನಗೆ ಲಿಖಿತ ಕಾರಣ ಕೇಳಿದರು. ಒಬ್ಬ ವಿದ್ಯಾರ್ಥಿಗೆ ಮನೆಯಲ್ಲಿ ನೈವೇದ್ಯದ ಕೆಲಸ ಹೆಚ್ಚಿತ್ತು ಎಂದು ಬರೆದು ಕೊಟ್ಟೆ.

ನಗುವ ಮಾತು ಅಲ್ಲಿಗೆ ಮುಗಿಯಿತು, ಮಾನ್ಯರೇ. ನಾಲ್ಕನೆಯದು ಮುಗಿಸಿದ ಮಕ್ಕಳು ಐದನೆಯದಕ್ಕೆ ಫೋಂಡಾದ ಹೈಸ್ಕೂಲಿಗೆ ಹೋಗಬೇಕು. ಆ ಹೈಸ್ಕೂಲಿನಲ್ಲಿಯೂ ತಾವೇ ವಾಸವಾಗಿದ್ದೀರಿ. ತಮ್ಮ ಬಾಯಿಂದ ಬಂದ ಅಂಕಪಟ್ಟಿ ಇಲ್ಲದ ಮಗುವನ್ನು ಅವರು ಸೇರಿಸಿಕೊಳ್ಳುವುದಿಲ್ಲ. ನಾನು ಕೈಯಲ್ಲಿ ಬರೆದು ಸಹಿ, ಶಿಕ್ಕಾ ಹಾಕಿ ಕೊಟ್ಟ ಕಾಗದವನ್ನು ಅಲ್ಲಿಯವರು ಹಾಗೇ ತಿರುಗಿಸಿ ಕಳಿಸಿದರು. ಹುಲಿಗೆಮ್ಮನ ತಾಯಿ ಯಲ್ಲವ್ವ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುವವಳು. ಆ ಕಾಗದ ಹಿಡಿದು ಬಂದು, ‘ಅಕ್ಕೋರ, ನನ್ನ ಮಗಳು ಪಾಸ್ ಆಗ್ಯಾಳೋ ಇಲ್ಲೋ, ಒಂದ ಮಾತಿನ್ಯಾಗ ಹೇಳ್ರಿ’ ಎಂದಳು. ಆಗಿದ್ದಾಳೆ, ಆದರೆ ಮಶೀನಿನಲ್ಲಿ ಇಲ್ಲ ಎಂದೆ. ‘ಹಂಗಾರ ನಾ ಹಡದದ್ದು ಯಾರನ್ನ?’ ಎಂದು ಕೇಳಿದಳು. ಇದಕ್ಕೆ ಉತ್ತರ ತಮ್ಮ ಯಾವ ಖಾನೆಯಲ್ಲಿದೆಯೋ ನನಗೆ ಗೊತ್ತಿಲ್ಲ. ಸಾಂಗೆಯಲ್ಲಿರುವ ಅವಳ ನಾದಿನಿ ಆಗಲೇ ಹೇಳಿ ಕಳಿಸಿದ್ದಳಂತೆ: ಹುಡುಗಿಗೆ ಸಾಲೆ ಸಿಗದಿದ್ದರೆ ಇಲ್ಲಿ ಕಳಿಸು, ನನ್ನ ಕೂಸು ಆಡಿಸಿಕೊಂಡು ಇರಲಿ ಎಂದು. ಒಂದು ವರ್ಷ ಕೂಸು ಆಡಿಸಲು ಹೋದ ಹುಡುಗಿ ಮರುವರ್ಷ ಸಾಲೆಗೆ ಬಂದದ್ದನ್ನು ನಾನು ಕಂಡಿಲ್ಲ. ಗಣಿತ ತಪ್ಪಿದರೆ ತನ್ನ ಕೈಯ ಮೇಲೆ ತಾನೇ ಹೊಡೆದುಕೊಳ್ಳುವ ಹುಡುಗಿ ಅವಳು.

ಹಾಗಾಗಿ ಗಜಾನನನನ್ನು ಎಬ್ಬಿಸಿ ಆ ಜಾಗವನ್ನು ಹುಲಿಗೆಮ್ಮನಿಗೆ ಕೊಡಬೇಕೆಂದು ತಮ್ಮ ಮುಂದೆ ಕುಳಿತೆವು. ಒಮ್ಮೆ ಸೇರಿದ ವಿದ್ಯಾರ್ಥಿಯನ್ನು ತೆಗೆಯಲು ತಾವು ಎರಡೇ ಕಾರಣ ಇಟ್ಟಿದ್ದಿರಿ: ವರ್ಗಾವಣೆ ಮತ್ತು ಮರಣ. ವರ್ಗಾವಣೆಗೆ ತಂದೆಯ ಮೊಬೈಲಿಗೆ ಸಂದೇಶ ಹೋಗಿ, ಅರ್ಧ ತಾಸಿನೊಳಗೆ ಆತ ಅಲ್ಲಿಂದ ಒಪ್ಪಿಗೆ ಕಳಿಸಬೇಕು. ಬಾಳಕೃಷ್ಣ ಕುರ್ಚಿ ಮುಂದಕ್ಕೆ ಎಳೆದುಕೊಂಡು, ‘ಮರಣ ಒತ್ತಿಬಿಡ್ರಿ ಅಕ್ಕೋರ, ಅದಕ್ಕ ಯಾರ ಒಪ್ಪಿಗಿನೂ ಬೇಕಾಗಿಲ್ಲ’ ಎಂದರು. ನಾನು ಕೈ ಹಿಂದಕ್ಕೆ ತೆಗೆದೆ. ಮಂದಾಕಿನಿಬಾಯಿಯವರು, ‘ಒಂದು ಗುಂಡಿ ಒತ್ತಿದ್ರ ದೇವರು ಸಾಯ್ತಾನೇನ್ರಿ ನಂದಾಬಾಯಿ, ಆ ಹುಡುಗಿ ಮಾರಿ ನೋಡ್ರಿ’ ಎಂದರು. ಸಾಯುವುದಿಲ್ಲ, ನನಗೂ ಗೊತ್ತು. ಆದರೆ ತಾವು ಎಷ್ಟು ಕರ್ತವ್ಯನಿಷ್ಠರೆಂದರೆ, ತಮ್ಮ ಮಗನ ನಿಧನಕ್ಕೆ ವಿಷಾದಿಸುತ್ತೇವೆ ಎಂದು ಆ ಕ್ಷಣವೇ ತಂದೆಗೆ ತಿಳಿಸಿಬಿಡುತ್ತೀರಿ. ಸಂಜೆ ಗುಡಿಯಲ್ಲಿ ಆರತಿ ನಡೆಯುತ್ತಿರುತ್ತದೆ, ಪೂಜಾರಿಯ ಸೊಂಟದ ಚೀಲದಲ್ಲಿ ಫೋನು ಗುಂಯ್ ಅನ್ನುತ್ತದೆ. ಮಹಾದೇವನ ಮುಂದೆ ಅಂಥ ಸುದ್ದಿ ನನ್ನ ಕೈಯಿಂದ ಹೋಗಕೂಡದು. ಆ ಮಗನ ತಲೆ ಒಮ್ಮೆ ಹೋದಾಗ ಆ ಮನೆಯಲ್ಲಿ ಏನೇನು ಆಯಿತೆಂಬುದು ಎಲ್ಲರಿಗೂ ಗೊತ್ತಿದ್ದ ಕತೆ.

ಹಾಗೆ ನಾವು ಕೈಕಟ್ಟಿ ಕುಳಿತಿದ್ದಾಗ ಆ ಪೂಜಾರಿ ದೇವಲಪ್ಪನವರೇ ಶಾಲೆ ಹುಡುಕಿಕೊಂಡು ಬಂದರು. ಹೆಂಡತಿ ತೀರಿಕೊಂಡು ಒಂಟಿಯಾಗಿರುವ ಹಿರಿಯರು. ಇಂಗ್ಲಿಷ್ ಓದಲು ಬಾರದ್ದರಿಂದ ತಮ್ಮ ಸಂದೇಶಗಳನ್ನು ಯಾವುದೋ ಜಾಹೀರಾತು ಎಂದುಕೊಂಡು ಬಿಟ್ಟಿದ್ದರಂತೆ. ಅಭಿಷೇಕಕ್ಕೆ ಬಂದ ಯಾರೋ ಅವತ್ತು ಓದಿ ಹೇಳಿದ್ದರಂತೆ. ಫೋನು ಮುಂದೆ ಚಾಚಿ ಅವರು ಹೇಳಿದ್ದು ಇಷ್ಟು: ‘ಅಕ್ಕೋರ, ನನಗ ಮಕ್ಕಳ ಭಾಗ್ಯ ದೇವರು ಕೊಡಲಿಲ್ಲ. ಸಂಕ್ರಾಂತಿ ಆದಾಗಿಂದ ದಿನಾ ಮುಂಜಾನಿ, ನಿನ್ನ ಮಗ ಸಾಲಿಗೆ ಬಂದಿಲ್ಲ ಅಂತ ಬರಾಕತ್ತೇತಿ. ಯಾರ್ರೀ ಈ ಗಜಾನನ? ಎಲ್ಲಿ ಅದಾನ ಹೇಳ್ರಿ, ನಾನ ಕಿವಿ ಹಿಡದು ಎಳಕೊಂಡು ಬರ್ತೇನಿ.’ ನಾನು ನಡೆದದ್ದೆಲ್ಲ ಹೇಳಿದೆ. ಮೊದಲು ಮೆಟ್ಟಿಲ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಹುಲಿಗೆಮ್ಮನ ಮಾತು ಬಂದಾಗ ನಗು ನಿಲ್ಲಿಸಿ, ‘ಅವರಪ್ಪನ್ನ ಕೇಳೂಣು. ಕೊಟ್ರ ಕೊಡ್ತಾನ’ ಎಂದರು.

ಹೈಸ್ಕೂಲಿನ ಪ್ರವೇಶಕ್ಕೆ ಮರುದಿನವೇ ಕಡೆಯ ದಿನ. ಬೆಳಿಗ್ಗೆ ಬಾಳಕೃಷ್ಣ ಶಾಲೆಯಲ್ಲಿ ತಮ್ಮ ಮುಂದೆ ಕುಳಿತು ವರ್ಗಾವಣೆ ಅರ್ಜಿ ತುಂಬಿದರು. ಮುಂದೆ ಸೇರುವ ಶಾಲೆ ಯಾವುದು ಎಂದಲ್ಲಿ ಕೈಲಾಸ ಎಂದು ಬರೆದರು, ಈ ಸಲ ತಾವು ಏನೂ ಅನ್ನಲಿಲ್ಲ. ನಾನು ಗುಡಿಯಲ್ಲಿದ್ದೆ. ಯಲ್ಲವ್ವ ಪಾಳಿ ಬಿಟ್ಟು ಮಗಳ ಕೈ ಹಿಡಿದು ಬಂದು ಬಾಗಿಲಲ್ಲಿ ನಿಂತಿದ್ದಳು. ಸಂದೇಶ ಬಂತು. ದೇವಲಪ್ಪನವರು ಫೋನನ್ನು ಪಾಣಿಪೀಠದ ಬದಿಗಿಟ್ಟು, ಲಿಂಗದ ಮೇಲೆ ನೀರು ಹಾಕಿ, ಕೆಂಪು ದಾಸವಾಳದ ಒಂದು ಹೂ ಏರಿಸಿ, ಮಗನನ್ನು ಬಿಡಿಸಿಕೊಳ್ಳುವುದಕ್ಕೆ ಒಪ್ಪಿಗೆ ಇದ್ದರೆ ಬಲಕ್ಕೆ ಕೊಡು ಎಂದು ಕೇಳಿಕೊಂಡರು. ನಮ್ಮಲ್ಲಿ ದೊಡ್ಡ ಮಾತಿಗೆಲ್ಲ ಹೀಗೆಯೇ ಅಪ್ಪಣೆ ಕೇಳುವುದು. ಹೂ ಅಲುಗಲಿಲ್ಲ. ಮಹಾದೇವ ಧ್ಯಾನದಲ್ಲಿರುವವನು, ಅವಸರದವನಲ್ಲ; ತಾವು ಅವಸರದವರು, ಧ್ಯಾನ ಅರಿಯದವರು. ನಿಮ್ಮಿಬ್ಬರ ನಡುವೆ ಅರ್ಧ ತಾಸು ಕಳೆದುಹೋಗಿ ಸಂದೇಶ ರದ್ದಾಯಿತು. ಬಾಳಕೃಷ್ಣ ಮತ್ತೆ ಅರ್ಜಿ ತುಂಬಲು ಹೋದರೆ ತಮ್ಮ ಬಿಳಿ ಚಕ್ರ ತಿರುಗತೊಡಗಿತು. ಅದು ನಿಲ್ಲುವಷ್ಟರಲ್ಲಿ ಮಧ್ಯಾಹ್ನವಾಗಿತ್ತು.

ಎರಡನೆಯ ಸಂದೇಶ ಬಂದು, ಹೊಸ ಹೂ ಏರಿತು. ನಾವೆಲ್ಲ ಅದನ್ನೇ ನೋಡುತ್ತಿದ್ದೆವು. ಇನ್ನೇನು ಹೊತ್ತು ಮೀರಿತು ಅನ್ನುವಾಗ ಯಲ್ಲವ್ವ ಹೊಸ್ತಿಲಿಗೆ ಬಂದು ಸೆರಗು ಒಡ್ಡಿ, ಜಗಳದ ದನಿಯಲ್ಲೇ, ‘ಯಪ್ಪಾ ಮಾದೇವಾ, ನಿನ್ನ ಮಗ ಕಲಿಯೂದು ಇನ್ನೇನೂ ಉಳದಿಲ್ಲ. ನನ್ನ ಮಗಳದು ಭಾಳ ಐತಿ. ಜಾಗಾ ಬಿಡಸು’ ಎಂದಳು. ಹೂ ಬಲಕ್ಕೆ ಜಾರಿ ಬಿತ್ತು. ಗಾಳಿ ಬಂದಿತ್ತೆಂದು ಬಾಳಕೃಷ್ಣ ಆಮೇಲೆ ವಾದ ಮಾಡಿದರು, ಅವರು ಅಲ್ಲಿ ಇರಲಿಲ್ಲ. ದೇವಲಪ್ಪನವರು ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು, ಗುಮಾಸ್ತರು ಹೇಳಿಕೊಟ್ಟಂತೆ ಒಪ್ಪಿಗೆಗೆ ಒಂದರ ಅಂಕಿ ಒತ್ತಿ ಕಳಿಸಿದರು. ಗಜಾನನನಿಗೆ ಹೊಸ ಶಾಲೆಯಲ್ಲಿ ಒಳ್ಳೆಯದಾಗಲಿ ಎಂದು ತಾವು ಹರಸಿದಿರಿ. ತಾವು ಹರಸಿದ ಅತಿ ಹಿರಿಯ ವಿದ್ಯಾರ್ಥಿ ಅವನೇ ಇರಬೇಕು.

ಆ ಜಾಗದಲ್ಲಿ ಹುಲಿಗೆಮ್ಮ ಕುಳಿತಳು. ಕಾಗದದ ಮೇಲಿದ್ದ ಅವಳ ಅಂಕಗಳನ್ನೆಲ್ಲ ನಾನೇ ಒಂದೊಂದಾಗಿ ಒತ್ತಿದೆ. ಅಂಕಪಟ್ಟಿ ಹೊರಗೆ ಬಂದಾಗ ಇನ್ನೂ ಬಿಸಿ ಇತ್ತು, ಯಲ್ಲವ್ವ ಅದನ್ನು ಕಣ್ಣಿಗೆ ಒತ್ತಿಕೊಂಡಳು. ತಾಯಿ ಮಗಳು ಸಿಕ್ಕ ರಿಕ್ಷಾ ಹತ್ತಿ ಫೋಂಡಾಕ್ಕೆ ಹೋದರು. ಬಾಗಿಲು ಹಾಕುವ ಮೊದಲು ಹೆಸರು ಹತ್ತಿತು.

ಇಷ್ಟಾದ ಮೇಲೆ ನನ್ನ ಕೆಲವು ಬಿನ್ನಹಗಳು. ವಿದ್ಯಾರ್ಥಿಯನ್ನು ತೆಗೆಯುವ ಕಾರಣಗಳಲ್ಲಿ ವರ್ಗಾವಣೆ, ಮರಣಗಳ ಜೊತೆಗೆ ‘ವಿಸರ್ಜನೆ’ ಎಂಬುದನ್ನೂ ತಾವು ಸೇರಿಸಬೇಕು, ಹೋಗಿ ಮುಂದಿನ ವರ್ಷ ತಿರುಗಿ ಬರುವವರು ನಮ್ಮಲ್ಲಿ ಇದ್ದಾರೆ. ತಾಲೂಕುಗಳ ಪಟ್ಟಿಗೆ ಕೈಲಾಸವನ್ನು ಸೇರಿಸಲು ಯಾವ ಸರಕಾರದ ಅಪ್ಪಣೆ ಬೇಕೋ ವಿಚಾರಿಸಬೇಕು. ಬಿಡುವಾದಾಗ ತಾವೇ ಒಮ್ಮೆ ಬಂದು ನಮ್ಮ ಒಂದನೆಯ ತರಗತಿಯಲ್ಲಿ ಮಣೆ ಹಾಕಿಕೊಂಡು ಕುಳಿತರೆ, ಅ ಆ ಇ ಈ ತಿದ್ದಿಸುವ ಜವಾಬ್ದಾರಿ ನನ್ನದು. ಹಾಜರಿ ಬರೆಯುವಲ್ಲಿ ‘ಚೌತಿಗೆ ಬರುತ್ತಾನೆ’ ಎಂಬುದಕ್ಕೂ ಒಂದು ಗುಂಡಿ ಇರಲಿ.

ಕೊನೆಯದು ದೊಡ್ಡ ಬಿನ್ನಹ. ಗಜಾನನನ ಹೆಸರು, ತಂದೆ, ತಾಯಿ, ಜನ್ಮದಿನ ಎಲ್ಲ ಅಳಿಸಿದ ತಾವು ಆ ಖಾನೆಯ ಮೊಬೈಲ್ ನಂಬರನ್ನು ಮಾತ್ರ ಹಾಗೇ ಬಿಟ್ಟಿದ್ದೀರಿ. ಅದು ಹುಲಿಗೆಮ್ಮನ ಜೊತೆ ಹೈಸ್ಕೂಲಿಗೂ ಹೋಗಿದೆ. ಹೀಗಾಗಿ ಶಾಲೆ ಶುರುವಾದಾಗಿನಿಂದ ದಿನಾ ಮುಂಜಾನೆ, ತಮ್ಮ ಮಗಳು ಇಂದು ಹಾಜರು ಎಂದು ದೇವಲಪ್ಪನವರ ಫೋನಿಗೆ ಬರುತ್ತಿದೆ. ತಿದ್ದಿಸೋಣವೇ ಎಂದು ಯಲ್ಲವ್ವನನ್ನು ಕೇಳಿದೆ. ‘ಇರಲಿ ಬಿಡ್ರಿ ಅಕ್ಕೋರ, ನಮ್ಮನಿಯವರ ಫೋನ್ ಯಾವಾಗಲೂ ಬಂದ್ ಇರತೇತಿ’ ಎಂದಳು. ದೇವಲಪ್ಪನವರನ್ನು ಕೇಳಿದರೆ ಅವರು ಗಂಟೆ ಒರೆಸುತ್ತ ನಿಂತರು. ಸಂಜೆ ಬಸ್ಸಿಳಿದ ಹುಲಿಗೆಮ್ಮ ಗುಡಿಗೆ ಹೋಗಿ, ಅವರ ಫೋನು ಇಸಿದುಕೊಂಡು, ಇಂಗ್ಲಿಷ್ ಅಕ್ಷರ ಕೂಡಿಸಿ ಓದಿ, ‘ನಾ ಇವತ್ತ ಸಾಲಿಗೆ ಹೋಗೇನಂತ ಬಂದೇತಿ ಅಜ್ಜಾ’ ಎಂದು ಹೇಳುತ್ತಾಳೆ. ಅವರು ಪ್ರತಿದಿನವೂ ಅದು ಹೊಸ ಸುದ್ದಿ ಎಂಬಂತೆ ಕೇಳಿಸಿಕೊಂಡು ಕೈಗೆ ಸಕ್ಕರೆ ಹಾಕುತ್ತಾರೆ. ತಾವು ಒಮ್ಮೊಮ್ಮೆ ತಾವಾಗಿಯೇ ತಪ್ಪುಗಳನ್ನು ಸುಧಾರಿಸಿಕೊಳ್ಳುತ್ತೀರೆಂದು ಬಾಳಕೃಷ್ಣ ಹೇಳುತ್ತಾರೆ. ಕೈಮುಗಿದು ಕೇಳುತ್ತೇನೆ, ತಮ್ಮಿಂದಾದ ಎಲ್ಲ ತಪ್ಪುಗಳನ್ನು ಸುಧಾರಿಸಿಕೊಳ್ಳಿ, ಇದೊಂದನ್ನು ಬಿಟ್ಟು.

ತಮ್ಮ ಮೇಲೆ ಅಷ್ಟಾಗಿ ಅಲ್ಲದಿದ್ದರೂ, ತಮಗೂ ಮೇಲೆ ಒಬ್ಬನಿದ್ದಾನೆ ಎಂಬುದರ ಮೇಲೆ ವಿಶ್ವಾಸವಿಟ್ಟ,

ತಮ್ಮ ವಿಶ್ವಾಸಿ,
ನಂದಾ ಹೂಲಿಕಟ್ಟಿ
ನಾಲ್ಕನೆಯ ತರಗತಿಯ ಶಿಕ್ಷಕಿ

ತಾ.ಕ.: ಹೊಸ ವರ್ಷದ ಪಟ್ಟಿ ತೆರೆಯುವ ಮೊದಲು, ತಮ್ಮ ಸೇವೆಗೆ ಹತ್ತರಲ್ಲಿ ಎಷ್ಟು ಅಂಕ ಕೊಡುತ್ತೀರಿ ಎಂದು ತಾವು ನನ್ನನ್ನು ಕೇಳಿದ್ದೀರಿ. ತಾವೇ ಕಲಿಸಿಕೊಟ್ಟ ರೀತಿಯಲ್ಲಿ ತುಂಬಿದ್ದೇನೆ: ಬೇಕಾದಾಗಲೆಲ್ಲ ಗೈರುಹಾಜರು, ಇನ್ನೂ ಸುಧಾರಿಸಬೇಕು, ಪಾಲಕರು ಬಂದು ಭೇಟಿಯಾಗಲಿ. ಹಾಗೆಯೇ, ಈ ವರ್ಷ ನನ್ನ ತರಗತಿಗೆ ಮಕ್ಕಳಿಗಿಂತ ಒಂದು ಖಾನೆ ಹೆಚ್ಚಿಗೆ ಇರಲಿ ಎಂದು ಆಫೀಸಿನಿಂದ ಬರೆಸಿದ್ದೇನೆ. ಯಾಕೆಂದು ತಾವು ಕೇಳಲಾರಿರಿ. ಚೌತಿ ಹತ್ತಿರ ಬಂತು.